ಮನೆಯೊಳಗಿನ ಮಳೆ

ನಾನು ಚಿಕ್ಕವಳಿದ್ದಾಗ ನಮ್ಮ ಮುಳ್ಳೂರಿನ ಮನೆಯೊಳಗೆ ಬಿಸಿಲುಗಾಲದಲ್ಲೂ ಮಳೆ ಸುರಿಯುತ್ತಿತ್ತು. ನೆನೆದವರು ಮಾತ್ರ ಯಾರೂ ಇಲ್ಲ! ಅದು ರೇಷ್ಮೆಹುಳಗಳು ಹಿಪ್ಪುನೇರಳೆ ಸೊಪ್ಪು ಮೇಯುವ ಸದ್ದು. ನಡುಮನೆಯ ತುಂಬ ಬಿದಿರಿನ ತಟ್ಟೆಗಳು, ಹಸಿ ಸೊಪ್ಪಿನ ವಾಸನೆ. ಹುಳಗಳಿಗೆ ಒಗ್ಗರಣೆಯ ಘಾಟು ಆಗದು ಎಂದು ಹುಳ ಸಾಕುವಷ್ಟು ದಿನವೂ ನಮಗೆಲ್ಲ ಸಪ್ಪೆ ಸಾರು.

ಅಕ್ಕನ ಕೈ ಬಲು ಚುರುಕು. ಅವಳು ಒಂದು ಕುಕ್ಕೆ ಸೊಪ್ಪು ಬಿಡಿಸುವಷ್ಟರಲ್ಲಿ ನಾನು ಒಂದೇ ಎಲೆಯನ್ನು ಬೆಳಕಿಗೆ ಹಿಡಿದು ನೋಡುತ್ತಾ ನಿಂತಿರುತ್ತಿದ್ದೆ. ಮನೆಯವರೆಲ್ಲ ನನ್ನನ್ನು ಬೆಪ್ಪುತಕ್ಕಡಿ ಎಂದು ಆಡಿಕೊಳ್ಳುತ್ತಿದ್ದರು. ನನಗೆ ತುಂಬ ದುಃಖವಾಗುತ್ತಿತ್ತು. ಕಡೆಗೆ, ಇರುವೆ ಹತ್ತದಂತೆ ನೋಡಿಕೋ ಎಂದು ತಟ್ಟೆಗಳ ಪಕ್ಕ ಕೂರಿಸಿಬಿಟ್ಟರು. ನಾನು ಕಣ್ಣು ಮುಚ್ಚಿ ಆ ಮಳೆಯಲ್ಲೇ ತೇಲುತ್ತಿದ್ದೆ.

ಒಂದು ಮಧ್ಯಾಹ್ನ ಮಳೆ ತೆಳುವಾಯಿತು. ಅಲ್ಲೊಂದು ಇಲ್ಲೊಂದು ಹನಿ, ಅಷ್ಟೇ. ಅಕ್ಕ ಸೊಪ್ಪಿನ ಕುಕ್ಕೆ ಹೊತ್ತು ಬಂದಳು. ಹುಳಗಳು ತಲೆಯೆತ್ತಿ ಆಡಿಸುವುದನ್ನು ಕಂಡು, "ಅಯ್ಯೋ, ಅಸ್ಕಂಡವೆ" ಎಂದು ಸೊಪ್ಪು ಸುರಿಯಲು ಬಗ್ಗಿದಳು.

"ಬ್ಯಾಡ ಕಣಕ್ಕ! ಅಣ್ಣಾಗವೆ!" ಎಂದು ನಾನು ಕೂಗಿದೆ.

"ಸುಮ್ಕಿರು. ಅಣ್ಣಾಗದು ನಾಳೆ ಅಂತ ಅಪ್ಪನೇ ಯೋಳವ್ರೆ."

ಹಣ್ಣಾದ ಹುಳ ಮೇವು ಬಿಟ್ಟು ಗೂಡು ಕಟ್ಟಲು ಜಾಗ ಹುಡುಕುತ್ತದೆ. ಆಗ ಅದನ್ನು ಚಂದ್ರಿಕೆ ಎಂಬ ಬಿದಿರಿನ ಹೆಣಿಗೆಗೆ ಬಿಡಬೇಕು. ಮೇಲೆ ಸೊಪ್ಪು ಬಿದ್ದರೆ ಎಲೆಯೊಳಗೇ ನೂಲು ಸುತ್ತಿಕೊಳ್ಳುತ್ತದೆ. ಮನೆಮಂದಿಯ ದುಡಿಮೆಯೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ. ನಾನು ಅಳುತ್ತಲೇ ಕುಕ್ಕೆಯನ್ನು ತಬ್ಬಿ ಕೂತೆ. ಅಕ್ಕನಿಗೆ ರೇಗಿತು. ಆದರೂ ಒಂದು ಹುಳವನ್ನೆತ್ತಿ ಬಾಗಿಲ ಬೆಳಕಿಗೆ ಹಿಡಿದಳು. ಅದರ ಮೈ ಜೇನಿನ ಹಾಗೆ ತಿಳಿಯಾಗಿ ಹೊಳೆಯಿತು. ಹಣ್ಣಾದ ಗುರುತೇ ಅದು.

ಆಮೇಲೆ ಅವಳ ಬೆರಳುಗಳನ್ನು ನೋಡಬೇಕಿತ್ತು! ನಾನು ಒಂದೊಂದು ತಟ್ಟೆಗೂ ಕಿವಿಯಿಟ್ಟು, "ಇದು ತಕ್ಕೋ. ಅದಿನ್ನೂ ಮೇಯ್ತಾ ಅದೆ" ಅನ್ನುತ್ತಿದ್ದೆ. ಅವಳು ಹುಳಕ್ಕೆ ನೋವಾಗದಂತೆ ಆರಿಸಿ ಆರಿಸಿ ಚಂದ್ರಿಕೆಗೆ ಬಿಡುತ್ತಿದ್ದಳು. ನನಗೆ ಆ ಕೈ ಇರಲಿಲ್ಲ, ಅವಳಿಗೆ ಈ ಕಿವಿ ಇರಲಿಲ್ಲ. ತೋಟದಿಂದ ಬಂದ ಅಪ್ಪ ಬಾಗಿಲಲ್ಲೇ ನಿಂತುಬಿಟ್ಟರು. "ಬೆಪ್ಪುತಕ್ಕಡಿ ಅಂತಿದ್ವಲ್ಲ ಕಣವ್ವ, ನಾವೇ ಬೆಪ್ಪುಗಳು" ಎಂದು ನನ್ನ ತಲೆ ಸವರಿದರು. ಆ ಸಂಜೆ ನನ್ನ ಕಾಲು ನೆಲದ ಮೇಲಿರಲಿಲ್ಲ.

ಮೊಮ್ಮಕ್ಕಳೇ, ನಿಮ್ಮ ಮನೆಯಲ್ಲಿ ಹುಳಗಳಿಲ್ಲ. ಫ್ಯಾನು, ಟಿವಿ, ಕುಕ್ಕರಿನ ಸೀಟಿ. ನಿಮಗೆಲ್ಲ ಒಂದೇ ಪರೀಕ್ಷೆ, ಒಂದೇ ಗಡಿಯಾರ. ನಿಮ್ಮಲ್ಲಿ ಚಿಕ್ಕವನು ಪುಟ್ಟ; ಅವನು ಪುಸ್ತಕ ತೆರೆದಿಟ್ಟು ಕಿಟಕಿಯಾಚೆ ನೋಡುತ್ತಾ ಕೂತರೆ ನಿಮ್ಮಮ್ಮ ಗದರುತ್ತಾಳೆ. ನಾನು ಮಾತ್ರ ಮೆಲ್ಲಗೆ ಅವನ ಪಕ್ಕ ಹೋಗಿ ಕೂರುತ್ತೇನೆ.

"ಏನ್ ಕಾಣ್ತಾ ಅದೆ ಮಗಾ? ನಂಗೂ ತೋರ್ಸು."