ಟ್ರೇಲರ್ ಏರಿದ ಪದ್ಮತ್ತೆಯ ಕಾರು

ಕಟ್ಟುವ ಕೆಲಸದಲ್ಲಿ ನಾನು ಹುಟ್ಟಾ ದಡ್ಡ. ಕನ್ನಡದ ಈ ಒಂದೇ ಕ್ರಿಯಾಪದದಿಂದ ಮನೆ ಕಟ್ಟಬಹುದು, ಬುತ್ತಿ ಕಟ್ಟಬಹುದು, ಮಾಡಲು ಬೇರೆ ಕೆಲಸವಿಲ್ಲದಾಗ ಕಥೆಯನ್ನೂ ಕಟ್ಟಬಹುದು ಎಂದು ಹಾಸನದ ಕಾಲೇಜೊಂದರಲ್ಲಿ ವರ್ಷಗಟ್ಟಲೆ ವ್ಯಾಕರಣ ಬೋಧಿಸಿದವನು ನಾನು. ಆದರೆ ಹಳೆಯ ಪತ್ರಿಕೆಗಳ ಹೊರೆಗೆ ನಾನು ಹಾಕಿದ ಗಂಟು ಮನೆಯ ಗೇಟು ದಾಟುವುದರೊಳಗೆ ಬಿಚ್ಚಿಕೊಂಡು ಸುದ್ದಿಯೆಲ್ಲ ಬೀದಿಪಾಲಾಗುತ್ತದೆ. ಅಂಥವನ ಪಾಲಿಗೆ ಹೋದ ತಿಂಗಳು ಒಂದು ಇಡೀ ಕಾರನ್ನು ಕಟ್ಟಿಸುವ ಉಸ್ತುವಾರಿ ಬಂತು.

ಕಾರು ನನ್ನ ಸೋದರತ್ತೆ ಪದ್ಮತ್ತೆಯದು. ಅವರು ಅರಕಲಗೂಡಿನ ಹೈಸ್ಕೂಲಿನಲ್ಲಿ ಗಣಿತದ ಮೇಡಂ ಆಗಿದ್ದವರು. ಹೊಳೆನರಸೀಪುರದ ತಮ್ಮ ಮನೆಯಿಂದ ದಿನವೂ ಕೆನೆಬಣ್ಣದ ಅಂಬಾಸಿಡರ್ ಓಡಿಸಿಕೊಂಡು ಹೋಗಿ ಬರುತ್ತಿದ್ದರು. ಸೀರೆಯುಟ್ಟ ಹೆಂಗಸು ಕಾರು ಬಿಡುವುದನ್ನು ನೋಡಲು ಆ ಕಾಲದಲ್ಲಿ ಜನ ಎತ್ತಿನಗಾಡಿಯನ್ನೇ ನಿಲ್ಲಿಸುತ್ತಿದ್ದರಂತೆ. ಮಂಡಿನೋವು ಬಂದ ಮೇಲೆ ಕಾರು ಶೆಡ್ಡು ಸೇರಿತು. ಕೊಳ್ಳಲು ಬಂದವರನ್ನೆಲ್ಲ ಒಂದು ಲೋಟ ಕಾಫಿ ಕೊಟ್ಟು ಸಾಗಹಾಕಿದ ಅತ್ತೆ, ಚನ್ನರಾಯಪಟ್ಟಣದಲ್ಲಿ ಹೆಣ್ಣುಮಕ್ಕಳಿಗೆ ಡ್ರೈವಿಂಗ್ ಕಲಿಸುವ ತಮ್ಮ ಹಳೆಯ ಶಿಷ್ಯೆ ಜಯಲಕ್ಷ್ಮಿ ಕೇಳಿದಾಗ ಮಾತ್ರ ಒಪ್ಪಿದರು. ಅವಳು ಅದನ್ನು ರಿಪೇರಿ ಮಾಡಿಸಿ ಮತ್ತೆ ರಸ್ತೆಗಿಳಿಸಬೇಕು ಎಂಬುದೊಂದೇ ಅವರ ಷರತ್ತು.

ಎಂಜಿನ್ನು ಉಸಿರೆತ್ತದ ಕಾರಣ ದುದ್ದದ ತಿಮ್ಮೇಗೌಡರು ತಮ್ಮ ಜೀಪಿಗೆ ಟ್ರೇಲರ್ ಸಿಕ್ಕಿಸಿಕೊಂಡು ಬಂದರು. ಕಾರನ್ನು ಮೂತಿ ಮುಂದಾಗಿ ಹತ್ತಿಸಿದರು. ಎಂಜಿನ್ನಿನ ಭಾರ ಹಿಂದಕ್ಕೆ ಬಿದ್ದರೆ ಟ್ರೇಲರ್ ಬಾಲ ಆಡಿಸುತ್ತದಂತೆ. ಹ್ಯಾಂಡ್‌ಬ್ರೇಕ್ ಎಳೆದು, ಗೇರಿಗೆ ಹಾಕಿ, ಗಾಲಿಗಳಿಗೆ ಮರದ ತುಂಡುಗಳನ್ನು ಅಡ್ಡ ಕೊಟ್ಟರು. ನಾನೂ ಏನಾದರೂ ಮಾಡಬೇಕೆಂಬ ಹುರುಪಿನಲ್ಲಿ ತೆಂಗಿನ ಹಗ್ಗವೊಂದನ್ನು ಹುಡುಕಿ ತಂದು ಬಂಪರಿಗೆ ಬಿಗಿಯತೊಡಗಿದೆ.

"ಅದು ಕಿತ್ಕೊಂಡು ಬರತ್ತೆ ಕಣೋ, ಬಿಡು," ಎಂದರು ಅತ್ತೆ. "ಗಾಲಿನ ಕಟ್ಟಬೇಕು. ಮೈ ಸ್ಪ್ರಿಂಗಿನ ಮೇಲೆ ಕುಣೀತಿರತ್ತೆ, ಗಾಲಿ ಕುಣಿಯಲ್ಲ."

"ಅದೇ ಸರಿ ಅಮ್ಮಾವ್ರೆ," ಎಂದ ಗೌಡರು ನಾಲ್ಕೂ ಗಾಲಿಗಳ ಮೇಲೆ ಅಗಲವಾದ ಪಟ್ಟಿ ಹಾಯಿಸಿ, ಮುಂದಿನವನ್ನು ಮುಂದಕ್ಕೂ ಹಿಂದಿನವನ್ನು ಹಿಂದಕ್ಕೂ ಜಗ್ಗಿ, ಪಟ್ಟಿಯ ಹಿಡಿಯನ್ನು ಹಿಂದೆ ಮುಂದೆ ಆಡಿಸಿ ಕಟಕಟನೆ ಬಿಗಿದರು.

ಅಷ್ಟರಲ್ಲಿ ಅತ್ತೆ ಕೈಚೀಲ ಹಿಡಿದು ಟ್ರೇಲರಿನ ಹತ್ತಿರ ಬಂದು ನಿಂತರು. ಕಾರಿನೊಳಗೇ ಕೂತು ಹೋಗುವುದು ಅವರ ಯೋಜನೆ.

"ಅದೊಂದು ಆಗಕಿಲ್ಲ," ಎಂದರು ಗೌಡರು. "ಕಟ್ಟಿದ ಗಾಡಿ ಒಳಗೆ ಆಳು ಕೂರಂಗಿಲ್ಲ. ಕಾನೂನೂ ಒಪ್ಪಕಿಲ್ಲ, ನಾನೂ ಒಪ್ಪಕಿಲ್ಲ."

"ಇದರೊಳಗೆ ನಾನಿಲ್ಲದೆ ಇದು ಎಲ್ಲಿಗೂ ಹೋಗಿಲ್ಲ ಗೌಡರೆ."

"ಒಪ್ಕತೀನಿ ಅಮ್ಮಾವ್ರೆ. ಆದ್ರೂ ಆಗಕಿಲ್ಲ."

ಅತ್ತೆ ವಾದ ಬೆಳೆಸಲಿಲ್ಲ. ನನ್ನ ಕಾರಿನ ಮುಂದಿನ ಸೀಟಿನಲ್ಲಿ ಕೂತು ಬಾಗಿಲನ್ನು ಬೇಕಾದ್ದಕ್ಕಿಂತ ಜೋರಾಗಿ ಹಾಕಿಕೊಂಡರು. ನಾವು ಟ್ರೇಲರಿನ ಹಿಂದೆಯೇ ಹೊರಟೆವು. ಊರು ದಾಟಿ ತೆಂಗಿನ ತೋಟಗಳು ಶುರುವಾದವು. ಅತ್ತೆಯದು ಸಿಟ್ಟೋ ದುಃಖವೋ ತಿಳಿಯದೆ ನಾನು ಹವೆಯ ಬಗ್ಗೆ ಏನೋ ಹೇಳಿ ನೋಡಿದೆ.

ರಸ್ತೆಯುಬ್ಬೊಂದನ್ನು ದಾಟಿದ್ದೇ ಅತ್ತೆ ಮುಂದಕ್ಕೆ ಬಾಗಿದರು. "ಎಡಗಡೆ ಹಿಂದಿನ ಪಟ್ಟಿ ಸಡಿಲ ಆಗಿದೆ, ನೋಡು. ನಿಲ್ಲಿಸೋಕೆ ಹೇಳು."

ನಾನು ಹಾರನ್ ಬಾರಿಸಿದೆ. ನಮಗೆ ಮುಂದೆ ಹೋಗುವ ಅವಸರವೆಂದು ತಿಳಿದ ಗೌಡರು ಸೌಜನ್ಯದಿಂದ ಪಕ್ಕಕ್ಕೆ ಸರಿದು ದಾರಿ ಬಿಟ್ಟರು. ಮತ್ತೆ ಬಾರಿಸಿದೆ, ಇನ್ನಷ್ಟು ಸರಿದರು. ಪಟ್ಟಿಯ ತುದಿ ಈಗ ಗಾಳಿಗೆ ಪಟಪಟ ಬಡಿಯುತ್ತಿತ್ತು, ಮುಂದೆ ಇಳಿಜಾರು ಕಾಣುತ್ತಿತ್ತು.

"ಸ್ವಲ್ಪ ಬಲಕ್ಕೆ ಬಾ, ಅವರ ಕನ್ನಡಿಗೆ ಕಾಣೋ ಹಾಗೆ," ಎಂದ ಅತ್ತೆ ಗಾಜಿಳಿಸಿ, ಬಳೆತೊಟ್ಟ ಕೈಯನ್ನು ಉದ್ದಕ್ಕೆ ಹೊರಚಾಚಿ, ಅಂಗೈ ಕೆಳಗೆ ಮಾಡಿ ನಿಧಾನವಾಗಿ ಮೇಲೆ ಕೆಳಗೆ ಆಡಿಸಿದರು. ಇಂಡಿಕೇಟರುಗಳನ್ನು ಯಾರೂ ನಂಬದಿದ್ದ ಕಾಲದ ಕೈಸನ್ನೆ ಅದು. ಜೀಪಿನ ವೇಗ ತಗ್ಗಿತು. ಬದಿಗೆ ಬಂದು ನಿಂತಿತು.

ಗೌಡರು ಇಳಿದು ಪಟ್ಟಿ ಮುಟ್ಟಿ ನೋಡಿದರು. "ಟೈರು ಅದುಮ್ಕಂಡು ಕುಂತ್ಕಂಡದೆ. ವಸಿ ದೂರ ಹೋದ್ಮೇಲೆ ನಿಲ್ಸಿ ಬಿಗೀಬೇಕು ಅಂತಲೇ ಇದ್ದೆ, ಅಷ್ಟ್ರಲ್ಲಿ ನೀವೇ ನಿಲ್ಸುದ್ರಿ," ಎಂದು ನಾಲ್ಕನ್ನೂ ಮತ್ತೆ ಬಿಗಿದು, ಉಳಿದ ತುದಿಗಳನ್ನು ಸುತ್ತಿ ಸಿಕ್ಕಿಸಿದರು. ಆಮೇಲೆ ನಕ್ಕು, "ಆ ಸನ್ನೆ ನೋಡಿ ಭಾಳ ಕಾಲ ಆಗಿತ್ತು," ಎಂದರು.

ಅತ್ತೆಯೂ ನಕ್ಕರು. ಮತ್ತೆ ಹೊರಟ ಮೇಲೆ ಅವರ ಮುಖ ಬೇರೆಯೇ ಆಗಿತ್ತು. ಮಧ್ಯಾಹ್ನದ ಬಿಸಿಲಿನಲ್ಲಿ ಕೆನೆಬಣ್ಣದ ಆ ದುಂಡು ಬೆನ್ನು ಏರು ಹತ್ತುವುದನ್ನು, ತಿರುವಿನಲ್ಲಿ ತುಸು ಪಕ್ಕೆ ತೋರಿಸುವುದನ್ನು ಕಣ್ಣು ಕೀಳದೆ ನೋಡುತ್ತಿದ್ದರು.

"ಇಷ್ಟು ವರ್ಷ ಓಡಿಸಿದೆ," ಎಂದರು ಕೊನೆಗೆ. "ಇದು ಹೋಗೋದನ್ನ ನಾನು ಒಂದು ದಿನಾನೂ ನೋಡಿರಲಿಲ್ಲ ಕಣೋ. ನಾನು ಯಾವಾಗಲೂ ಒಳಗೇ ಇದ್ದೆ."

ನಾವು ಒಳಗೆ ಕೂತು ನಡೆಸುವ ಯಾವುದೂ, ಬದುಕೂ ಸೇರಿದಂತೆ, ದಾರಿಯಲ್ಲಿ ನಿಂತವರಿಗೆ ಹೇಗೆ ಕಾಣುತ್ತದೆಂದು ನಮಗೆ ಗೊತ್ತಾಗುವುದೇ ಇಲ್ಲವಲ್ಲ ಎಂದುಕೊಂಡೆ. ಅವರ ನೋಟಕ್ಕೆ ಬೇರೆ ಗಾಡಿ ಅಡ್ಡ ಬಾರದಂತೆ ಟ್ರೇಲರಿನ ಹಿಂದೆಯೇ ಓಡಿಸಿದೆ.

ಚನ್ನರಾಯಪಟ್ಟಣದಲ್ಲಿ ಜಯಲಕ್ಷ್ಮಿ ಕಾಯುತ್ತಿದ್ದಳು. ಪಟ್ಟಿ ಬಿಚ್ಚಿ, ಕಾರನ್ನು ಹುಷಾರಾಗಿ ಇಳಿಸಿದೆವು. ಅವಳು ಬಾಗಿಲು ತೆರೆದು, "ಮೇಡಂ, ನೀವು ಸ್ಟೀರಿಂಗ್ ಹಿಡೀರಿ, ನಾವು ಶೆಡ್ಡಿನ ತನಕ ತಳ್ತೀವಿ," ಎಂದಳು.

ಅತ್ತೆ ಬೀಗದ ಕೈಯನ್ನು ಅವಳ ಅಂಗೈಗೆ ಹಾಕಿದರು. "ನೀನು ಕೂತ್ಕೋಮ್ಮ," ಎಂದು ರಸ್ತೆಯ ಆಚೆ ಬದಿಗೆ ಹೋಗಿ, ಹೊಂಗೆಮರದ ನೆರಳಲ್ಲಿ ಸೆರಗು ಸರಿಪಡಿಸಿಕೊಂಡು ನಿಂತರು. "ನಿಧಾನಕ್ಕೆ ತಳ್ಳಿ. ನಾನು ಇಲ್ಲಿಂದ ನೋಡ್ತೀನಿ."