ತೊಳೆದಿಟ್ಟ ಕಲ್ಲು

ಚಿಂಚೋಳಿ ಕಡೆಯ ಒಂದು ಹಳೆಯ ಅಣೆಕಟ್ಟಿನ ಬುಡದಲ್ಲಿ ಬೋರ್ ಹೊಡೆಸಿ, ಕೆಳಗಿನ ಕಲ್ಲು ಹೇಗಿದೆ ಎಂದು ನೋಡಿ ಹೇಳುವುದು ನನ್ನ ಕೆಲಸವಾಗಿತ್ತು. ಹೆಚ್ಚಾದ ನೀರು ಹರಿದುಹೋಗುವ ಕೋಡಿಗೆ ಹೊಸ ಗೋಡೆ ಕಟ್ಟುವವರಿದ್ದರು. ಅಡಿಯ ಕಲ್ಲಿನ ಪದರಗಳ ನಡುವೆ ಮೆತ್ತನೆಯ ಮಣ್ಣಿದ್ದರೆ ನೀರಿನ ಒತ್ತಡಕ್ಕೆ ಗೋಡೆಯೇ ಜಾರಬಹುದು. ಕೆಳಗೆ ತೊಗರಿ ಹೊಲ, ಅದರಾಚೆ ಊರು. ನಾನು ಹುಡುಕುತ್ತಿದ್ದದ್ದು ಆ ಮಣ್ಣೊಂದನ್ನೇ.

ಅಂದು ಸೇಡಂನಿಂದ ಬಸ್ಸಿನಲ್ಲಿ ನಿಂತೇ ಬಂದಿದ್ದೆ. ಮಷಿನ್ ನಡೆಸುವ ಕಾಕಾ ಶಹಾಬಾದಿನವರು, ನಮ್ಮಪ್ಪನ ಹಾಗೆ ನೆಲಕ್ಕೆ ಹಾಸುವ ಫರಸಿ ಕಲ್ಲಿನ ಖಣಿಯಲ್ಲಿ ದುಡಿದವರು. ನೆಲದಿಂದ ತೆಗೆದ ಉದ್ದುದ್ದ ಕಲ್ಲಿನ ತುಂಡುಗಳನ್ನು ಪೆಟ್ಟಿಗೆಯಲ್ಲಿ ಸಾಲಾಗಿ ಜೋಡಿಸಿಟ್ಟು ನನ್ನ ದಾರಿ ಕಾಯುತ್ತಿದ್ದರು. ಕಲ್ಲು ಮಿರಿಮಿರಿ ಮಿಂಚುತ್ತಿತ್ತು.

“ಯಾಕ್ ಕಾಕಾ, ಇಷ್ಟ್ ಸ್ವಚ್ಛ?”

“ನೀವ್ ಬರ್ತೀರಂತ ಬ್ರಶ್ ಹಚ್ಚಿ ತೊಳ್ದೀನ್ರಿ ಅಕ್ಕೋರೆ. ಕೆಸರ್ ಮಾಲ್ ತೋರ್ಸಿದ್ರ ಗಿರಾಕಿ ನಿಂದರ್ತಾನೇನ್ರಿ?”

ಖಣಿಯ ರೂಢಿ ಅದು. ಕೊಳ್ಳುವವರು ಬರುವ ಮುಂಚೆ ಫರಸಿಗೆ ನೀರು ಹೊಡೆಯುತ್ತಾರೆ. ಸಣ್ಣವಳಿದ್ದಾಗ ನಾನೂ ಕೊಡ ಹೊತ್ತು ಹೊಡೆದವಳೇ. ನಮ್ಮ ಮನೆಯಲ್ಲಿ ಮೊದಲು ಡಿಗ್ರಿ ಮಾಡಿದವಳು ನಾನು, ಹೇಳಿಕೊಳ್ಳಲು ನಾಚಿಕೆಯಿಲ್ಲ. ಆದರೆ ಅಂದು ಬೈಯುವಷ್ಟು ತ್ರಾಣವೂ ಇರಲಿಲ್ಲ. ಎರಡು ತುಂಡುಗಳ ನಡುವೆ ಬೆರಳಾಡಿಸಿದೆ. ಅಲ್ಲಿ ಮಣ್ಣಿತ್ತೋ, ಬರೀ ಬಿರುಕಿತ್ತೋ, ಇದ್ದದ್ದೆಲ್ಲ ನೀರಿನ ಜೊತೆ ಹೋಗಿತ್ತು.

ಸೈಟಿನ ಇಂಜಿನಿಯರ್ ಬಗ್ಗಿ ನೋಡಿದರು. “ಗಟ್ಟಿ ಕಲ್ಲು ಅಂತ ಬರದ್ ಬಿಡ್ರಿ ಮೇಡಂ. ಎಳ್ಳ ಅಮಾಸಿ ಹಬ್ಬ ಬಂತು, ಮಂದಿ ಊರಿಗ್ ಹೋಗ್ಬೇಕಂತಾರ.”

“ಕಲ್ಲ್ ಗಟ್ಟಿನೇ ಅದ ಸರ್. ನಡುವ ಏನಿತ್ತು ಅಂತ ನನಗ್ ಗೊತ್ತಿಲ್ಲ. ಬಾಜೂಕ ಇನ್ನೊಂದ್ ಬೋರ್ ಹೊಡಸ್ರಿ.”

“ನಿಮ್ಮ ಮನ್ಯಾಗ ಯಾರೂ ದಾರಿ ಕಾಯಂಗಿಲ್ಲೇನ್ರಿ?”

“ಕಾಯ್ತಾರ್ರಿ. ಹೊಡಸ್ರಿ.”

ಕಾಕಾನ ಮುಖ ಸಪ್ಪಗಾಯಿತು. “ಮಣ್ಣ್ ನೋಡಾಕ ಇಷ್ಟ್ ಓದ್ಬೇಕೇನ್ರಿ ಅಕ್ಕೋರೆ?”

“ಓದಿಲ್ಲಂದ್ರ ನಾನೂ ನಿಮ್ ಜೋಡಿ ಕುಂತು ತೊಳೀತಿದ್ದೆ, ಕಾಕಾ.”

ನಗು ಬಂತು ಇಬ್ಬರಿಗೂ, ಜೋರಾಗಿ ಅಲ್ಲ.

ಈ ಸಲ ಮಣ್ಣು ಕೊಚ್ಚಿಹೋಗದ ಹಾಗೆ ಮಷಿನ್ನಿಗೆ ನೀರು ಕಡಿಮೆ ಬಿಟ್ಟು ನಿಧಾನ ಹೊಡೆಯಲು ಹೇಳಿದೆ. ಮಷಿನ್ ನಡುನಡುವೆ ನಿಂತಿತು, ಕೆಟ್ಟಿತು, ಮತ್ತೆ ನಡೆಯಿತು. ಮೊದಲ ಬೋರಿನಷ್ಟೇ ಆಳ ಮುಟ್ಟುವಾಗ ಅಮಾವಾಸ್ಯೆಯ ಹಿಂದಿನ ದಿನ ಮಧ್ಯಾಹ್ನವಾಗಿತ್ತು. ಮೇಲೆ ಬಂದ ತುಂಡನ್ನು ಕಾಕಾ ಕೂಸನ್ನು ಮಲಗಿಸುವ ಹಾಗೆ ಪೆಟ್ಟಿಗೆಯಲ್ಲಿಟ್ಟರು. ಕಲ್ಲಿಗೂ ಕಲ್ಲಿಗೂ ನಡುವೆ ಬೂದು ಬಣ್ಣದ ಮಣ್ಣು. ಒತ್ತಿದರೆ ನೆನೆದ ಸಾಬೂನಿನ ಹಾಗೆ ಉಗುರು ಇಳಿಯಿತು.

ಸಿಕ್ಕಿತೆಂದು ಯಾರೂ ಹಿಗ್ಗಲಿಲ್ಲ. ಗೋಡೆಯ ನಕ್ಷೆಯೇ ಬದಲಾಗಬೇಕು; ಈ ಮಣ್ಣು ಎಲ್ಲಿಯತನಕ ಹೋಗಿದೆಯೋ ತಿಳಿಯಲು ಕೋಡಿಯುದ್ದಕ್ಕೂ ಬೋರ್ ಹೊಡೆಯಬೇಕು. ಇಂಜಿನಿಯರ್ ಮೊಬೈಲ್ ಕಿವಿಗಿಟ್ಟುಕೊಂಡು ದೂರ ನಡೆದರು. ಕಾಕಾ ತಮ್ಮ ಮನೆಗೆ ಫೋನ್ ಹಚ್ಚಿದರು: “ನಾ ಬರಾಂಗಿಲ್ಲ. ಹೊಲಕ್ಕ ನೀವೇ ಹಬ್ಬದ ಅಡಗಿ ಒಯ್ದು ಭೂಮಿತಾಯಿಗಿ ಚರಗಾ ಚೆಲ್ಲಿ ಬರ್ರಿ. ಇಲ್ಲಿ ಕೆಲಸ ಭಾಳ ಅದ.”

ನಾನು ಸುಣ್ಣದ ಪುಡಿ ಹಿಡಿದು ಮುಂದಿನ ಬೋರಿನ ಜಾಗ ಗುರುತು ಮಾಡಲು ಎದ್ದೆ.