ಹಾವಿಗೆ ವ್ರತವಿಲ್ಲ

ಬೆಳಗಿನ ಆರು ಗಂಟೆ ಹತ್ತು ನಿಮಿಷಕ್ಕೆ ಯೋ ಬಿಲಿಯೆನ್ ಫ್ರೀಜರಿನ ಕೆಳಗಿನ ಖಾನೆಗೆ ಕೈ ಹಾಕಿ ತಡಕುತ್ತಿದ್ದಳು. ಅವಳ ಕೈಗೆ ಸಿಕ್ಕಿದ್ದು ಸೋಯಾ ಹಿಟ್ಟಿನಲ್ಲಿ ಮಾಡಿದ ವ್ರತದ ಮೀನು. ಹಾವಿಗೆಂದು ಅಲ್ಲಿಟ್ಟಿದ್ದ ನಾಲ್ಕು ಸತ್ತ ಇಲಿಗಳು ಮಾಯವಾಗಿದ್ದವು.

ನಮ್ಮ ಓಣಿಯಲ್ಲಿ ಶಾಲೆ ಮಕ್ಕಳ ಸಮವಸ್ತ್ರ ಬಿಗಿ ಮಾಡಿ, ಸಡಿಲ ಮಾಡಿ ಕೊಡುವವಳು ಬಿಲಿಯೆನ್. ಮಹಡಿಯ ಬಾಡಿಗೆದಾರ ತೈಪೆಗೆ ಹೋಗುವಾಗ ಬಿಟ್ಟುಹೋದ ಕಿತ್ತಳೆ ಬಣ್ಣದ, ವಿಷವಿಲ್ಲದ ಹಾವು ಅವಳ ಪಾಲಿಗೆ ಬಂದಿತ್ತು. ಅದಕ್ಕೆ ಹಾಂಜಿ, ಎಂದರೆ ಗೆಣಸು, ಎಂದು ಹೆಸರಿಟ್ಟಳು. ಇಲಿ ಮುಟ್ಟಲು ಅಸಹ್ಯವೆಂದು ಆ ಪುಣ್ಯಾತ್ಮ ವರ್ಷವಿಡೀ ಅದಕ್ಕೆ ಕೋಳಿಯ ಎದೆಮಾಂಸದ ಚೂರನ್ನಷ್ಟೇ ತಿನ್ನಿಸಿದ್ದ. ಮೂಳೆಯಿಲ್ಲದ ಮಾಂಸದಲ್ಲಿ ಸುಣ್ಣದ ಅಂಶ ತೀರಾ ಕಡಿಮೆ. ಹಾವು ಅದನ್ನು ತನ್ನ ಮೂಳೆಯಿಂದಲೇ ತೆಗೆದು ಬಳಸಿತ್ತು. ಬೆನ್ನು ಎರಡು ಕಡೆ ಸೊಟ್ಟಗಾಗಿ, ದವಡೆ ಮೆತ್ತಗಾಗಿತ್ತು. ಇಡೀ ಪ್ರಾಣಿಯನ್ನೇ ಕೊಡಬೇಕು, ಈ ತಿಂಗಳು ಒಂದು ಊಟವೂ ತಪ್ಪಬಾರದು ಎಂದಿದ್ದರು ಪಶುವೈದ್ಯೆ. ಗಟ್ಟಿಮುಟ್ಟಾದ ಹಾವು ವಾರಗಟ್ಟಲೆ ಉಪವಾಸವಿದ್ದೀತು. ಹಾಂಜಿಗೆ ಆ ಶಕ್ತಿ ಉಳಿದಿರಲಿಲ್ಲ. ಇಲಿ ಸಾಕುವ ಕಡೆ ರೋಗ ಬಿದ್ದು ನಮ್ಮ ದಕ್ಷಿಣ ಸೀಮೆಯ ಅಂಗಡಿಗಳಲ್ಲೆಲ್ಲ ದಾಸ್ತಾನು ಮುಗಿದಿತ್ತು. ಆ ನಾಲ್ಕೇ ಕೊನೆಯವು.

"ಅತ್ತೆ, ಇಲ್ಲಿದ್ದ ಇಲಿ ಎಲ್ಲಿ?"

ಅತ್ತೆ ದೇವರ ಮುಂದೆ ಊದುಬತ್ತಿ ಸಿಕ್ಕಿಸುತ್ತಿದ್ದರು. "ಶುದ್ಧಿಯ ದಿನ ಮನೇಲಿ ನಾಲ್ಕು ಹೆಣ ಇಟ್ಕೊಂಡು ಕೂರೋಕಾಗತ್ತೇನೇ? ಮಂತ್ರ ಹೇಳಿ ಸೀಬೆ ಗಿಡದ ಬುಡದಲ್ಲಿ ಮಣ್ಣು ಮಾಡ್ದೆ. ಮುಂದಿನ ಜನ್ಮ ಒಳ್ಳೇದಾಗ್ಲಿ, ಪಾಪ."

"ಯಾವತ್ತು?"

"ಮೊನ್ನೆ. ಹಣ್ಣೂ ಇಟ್ಟಿದ್ದೆ."

"ಹಣ್ಣು ಇಟ್ರಾ! ಹಾಂಜಿಗೇನು ಹಾಕ್ಲಿ ಈಗ?"

"ಅಣಬೆ ಸಾಸೇಜ್ ಇದೆಯಲ್ಲ. ಐದು ದಿನ ತಾನೆ? ಇಡೀ ಊರೇ ತಡ್ಕೊಂಡಿದೆ."

"ಊರು ವ್ರತ ಹಿಡಿದಿದೆ, ನಾನೂ ಹಿಡಿದಿದೀನಿ. ಆ ಮೂಕಪ್ರಾಣಿ ಯಾವ ದೇವರಿಗೆ ಮಾತು ಕೊಟ್ಟಿದೆ ಅತ್ತೆ?"

ಹನ್ನೆರಡು ವರ್ಷಕ್ಕೊಮ್ಮೆ ದೇವಸ್ಥಾನದ ಶುದ್ಧಿ ಬಂದಾಗ ಊರಲ್ಲಿ ಕತ್ತಿ ಏಳುವುದಿಲ್ಲ, ಬಲೆ ಬೀಳುವುದಿಲ್ಲ. ಹಂದಿಮಾಂಸದ ಅನ್ನ ಮಾರುವವನೂ ತೋಫು ಬೇಯಿಸುತ್ತಾನೆ. ಬಿಲಿಯೆನ್‌ಗೆ ಅದರ ಬಗ್ಗೆ ತಕರಾರಿರಲಿಲ್ಲ. ತಮ್ಮ ಪುಣ್ಯಕ್ಕೆ ಇನ್ನೊಂದರ ಹೊಟ್ಟೆ ಕಟ್ಟುವುದನ್ನು ಕಂಡೇ ಅವಳ ಮೈ ಉರಿದದ್ದು. ಮೊದಲು ಅಸಹ್ಯಪಟ್ಟವನೊಬ್ಬ ಅದರ ಬೆನ್ನು ಮುರಿದ, ಈಗ ಕರುಣೆಯುಳ್ಳವರು ಉಳಿದದ್ದನ್ನು ಮುರಿಯುತ್ತಿದ್ದಾರೆ ಎಂದು ನನ್ನ ಮನೆ ಬಾಗಿಲಲ್ಲಿ ನಿಂತು ಗುಡುಗಿದಳು. ನಾನು ಬರೀ ತಲೆಯಾಡಿಸಿದೆ. ನಾನೂ ವ್ರತದಲ್ಲಿದ್ದೆ.

ಸ್ಕೂಟರ್ ಹತ್ತಿ ಸೇತುವೆ ದಾಟಿದಳು. ಆಚೆ ದಡ ಬೇರೆ ದೇವಸ್ಥಾನದ್ದು, ಅಲ್ಲಿಗೆ ನಮ್ಮ ವ್ರತ ಹಬ್ಬುವುದಿಲ್ಲ. ಅಲ್ಲೊಂದು ಗೌಜಲಕ್ಕಿ ಸಾಕಣೆ ಕೇಂದ್ರವಿದೆ. ಮೊಟ್ಟೆಯೊಡೆದು ಬರುವಾಗಲೇ ಸತ್ತ ಮರಿಗಳನ್ನು ದಿನಾ ಗುಂಡಿಗೆ ಹಾಕುತ್ತಾರೆ. ಈಗತಾನೆ ಸತ್ತದ್ದೊಂದನ್ನು ಕೇಳಿ ಪಡೆದು, ಅಲ್ಲಿನ ತಕ್ಕಡಿಯಲ್ಲೇ ತೂಗಿಸಿದಳು. ಮರಿಯ ಮೂಳೆ ಇನ್ನೂ ಎಳೆಯದು, ಇಲಿಯಷ್ಟು ಸುಣ್ಣ ಅದರಲ್ಲಿಲ್ಲ. ಹಾಗಾಗಿ ವೈದ್ಯೆ ಕೊಟ್ಟ ಸುಣ್ಣದಂಶದ ಪುಡಿಯನ್ನು ಮೇಲೆ ಉದುರಿಸುವುದೆಂದು ದಾರಿಯಲ್ಲೇ ಲೆಕ್ಕ ಹಾಕಿಕೊಂಡಳು.

ವಾಪಸು ಬರುವಾಗ ಶುದ್ಧಿಗೆಂದು ಕಟ್ಟಿದ ಊರ ಕಮಾನಿನ ಕೆಳಗೆ ವಾರ್ಡಿನ ಮುಖ್ಯಸ್ಥ ಲಿಯಾವ್ ಹಳದಿ ಅಂಗಿ ತೊಟ್ಟು, ಒಳಗೆ ಮಾಂಸ ಬಾರದಂತೆ ಕಾಯುತ್ತ ಸ್ವಯಂಸೇವಕರ ಜತೆ ನಿಂತಿದ್ದ. ಹಿಂದೆ ಊದುಬತ್ತಿ ಹಿಡಿದವರ ಸಾಲು. ಅದರಲ್ಲಿ ನಾನೂ ಇದ್ದೆ.

"ಅಕ್ಕಾ, ಬುಟ್ಟೀಲೇನು?"

"ಮಾಂಸ."

ಸಾಲಿಗೆ ಸಾಲೇ ತಿರುಗಿತು. ಲಿಯಾವ್ ದನಿ ತಗ್ಗಿಸಿದ. "ಅಯ್ಯೋ, ಸೊಪ್ಪು ಅಂತಾದ್ರೂ ಅನ್ನಬಾರದಿತ್ತಾ? ನಾನು ಬಿಟ್ಬಿಡ್ತಿದ್ದೆ."

"ದೇವರ ಕಮಾನಿನ ಕೆಳಗೆ ಸುಳ್ಳು ಹೇಳಿಸ್ತೀಯಾ? ವ್ರತದಲ್ಲಿ ಅದು ನಡೆಯತ್ತಾ?"

ಯಾರೋ ಕಿಸಕ್ಕೆಂದರು. ಲಿಯಾವ್ ಕಿವಿ ಕೆಂಪಾಯಿತು. ಕಡೆಗೆ ಪಕ್ಕಕ್ಕೆ ಸರಿದು ದಾರಿ ಬಿಟ್ಟ.

ಮಧ್ಯಾಹ್ನ ಹಾಂಜಿ ಆ ಮರಿಯನ್ನು ತಲೆಯ ಕಡೆಯಿಂದ ಹಿಡಿದು, ಮೆತ್ತನೆಯ ದವಡೆಯಲ್ಲಿ ಇಷ್ಟಿಷ್ಟೇ ಒಳಗೆ ಎಳೆದುಕೊಂಡಿತು. ಪೂರ್ತಿ ನುಂಗುವವರೆಗೆ ಬಿಲಿಯೆನ್ ಹೊಲಿಗೆ ಯಂತ್ರ ಮುಟ್ಟಲಿಲ್ಲ. ಅತ್ತೆ ದೇವರಿಗೆ ಕಾಣದಂತೆ ಪರದೆ ಎಳೆದು, ಆಮೇಲೆ ತಾವೇ ಅದರ ಸಂದಿಯಿಂದ ಇಣುಕಿ ನೋಡಿದರಂತೆ. ಬೇಸಿಗೆಯ ಹೊತ್ತಿಗೆ ಹಾವಿನ ದವಡೆ ಗಟ್ಟಿಯಾಯಿತು. ಬೆನ್ನು ಮಾತ್ರ ನೆಟ್ಟಗಾಗಲಿಲ್ಲ, ಆಗುವುದೂ ಇಲ್ಲ.

ಬಿಲಿಯೆನ್ ವ್ರತದಲ್ಲಿ ಮಾಂಸದ ಮೂಟೆಯನ್ನೇ ಹೊತ್ತು ತಂದಳೆಂದು ಈಗಲೂ ಕೆಲವರು ಹೇಳುತ್ತಾರೆ. ಅಂಥವರಿಗೆ ನಾನು ಅವತ್ತು ಕಿವಿಯಾರೆ ಕೇಳಿದ್ದನ್ನು ಹೇಳುತ್ತೇನೆ. ದಾರಿ ಬಿಡುವ ಮುಂಚೆ ಲಿಯಾವ್ ಕೇಳಿದ್ದ, "ಹೋಗ್ಲಿ, ಎಷ್ಟು ಕೆ.ಜಿ. ಇದೆ ಅಕ್ಕಾ?" ಅವಳು ಸಾಲಿನ ಕೊನೆಯವರಿಗೂ ಕೇಳುವಂತೆ ಕೂಗಿದಳು:

"ಮೂಳೆ, ಗುಂಡಿಗೆ, ಪುಕ್ಕ ಎಲ್ಲಾ ಸೇರಿ ಎಂಟು ಗ್ರಾಂ!"